ಹಲಸಿನ ಬಿಲ್ಲೆ

ಆಟಿ ತಿಂಗಳ ಗಾಳಿಗೆ ಬಂಟ್ವಾಳದ ಮನೆಯೊಂದರ ಅಂಗಳದ ಹಲಸಿನ ಮರ ಬುಡಮೇಲಾದಾಗ, ಆ ಮನೆಯ ಹಿರಿಯ ತಾಯಿ ಎರಡು ದಿನ ಯಾರೊಡನೆಯೂ ಸರಿಯಾಗಿ ಮಾತನಾಡಲಿಲ್ಲ. ಬೆಂಗಳೂರು, ಮುಂಬಯಿಗಳಲ್ಲಿ ನೆಲೆಸಿದ ಮೂವರು ಮಕ್ಕಳು ಸುದ್ದಿ ಕೇಳಿ ಓಡಿಬಂದರು. ಕಾಂಡವನ್ನು ಮಿಲ್ಲಿಗೆ ಮಾರುವುದೆಂದಾಯಿತು. ಒಂದು ಕೊಂಬೆಯನ್ನು ಮಾತ್ರ ಉಳಿಸಿ, ಮೂರು ಬಿಲ್ಲೆಗಳನ್ನು ಕೊಯ್ಯಿಸಿ, ಚಿತ್ರ ಬರೆದು, ತಂತಮ್ಮ ಮನೆಯ ಗೋಡೆಗೆ ತೂಗಹಾಕುವ ಆಸೆ ಮೂವರಿಗೂ ಹುಟ್ಟಿತು. ಪಾಲಿನ ವಿಷಯದಲ್ಲಿ ಇಂತಹ ಒಮ್ಮತ ಅಪರೂಪವೇ ಸರಿ!

ಆಚಾರಿ ಗರಗಸಕ್ಕೆ ತೆಂಗಿನೆಣ್ಣೆ ಸವರಿ ಕೊಯ್ದುಕೊಟ್ಟ. "ಆರು ತಿಂಗಳು ನೆರಳಿನಲ್ಲೇ ಒಣಗಲಿ, ಅಮ್ಮ," ಎಂದ. ಹಿರಿಯ ಮಗನಿಗಿದ್ದುದು ಹತ್ತು ದಿನಗಳ ರಜೆ. ತನ್ನ ಬಿಲ್ಲೆಯನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟ. ನಾಲ್ಕನೆಯ ರಾತ್ರಿ ಠಪ್ಪೆಂಬ ಸದ್ದು. ನಡುವಿನಿಂದ ತೊಗಟೆಯವರೆಗೆ ಒಂದೇ ಬಿರುಕು.

ಅದು ಮರದ ಅಪರಾಧವಲ್ಲ. ಹಸಿಮರ ಒಣಗುವಾಗ ಎಲ್ಲ ದಿಕ್ಕಿಗೂ ಸಮನಾಗಿ ಕುಗ್ಗುವುದಿಲ್ಲ. ನಡುವಿನಿಂದ ಅಂಚಿನತ್ತ ಕುಗ್ಗುವುದಕ್ಕಿಂತ ಸುತ್ತಳತೆಯಲ್ಲಿ ಕುಗ್ಗುವುದು ಸುಮಾರು ಇಮ್ಮಡಿ. ಅಂಗಿ ಚಿಕ್ಕದಾಗಿ ಮೈ ಹಾಗೆಯೇ ಉಳಿದರೆ ಹೊಲಿಗೆ ಬಿಡದೆ ಏನು ಮಾಡೀತು? ಅದರಲ್ಲೂ ಅವಸರದ ಬಿಸಿ ತಗುಲಿದರೆ ಕೇಳಬೇಕಾದುದೇ ಇಲ್ಲ. ಬಲ್ಲವರು ಕೊರಡಿನ ಎರಡು ತುದಿಗಳಿಗೂ ಜೇನುಮೇಣ ಸವರಿ, ತೇವ ಮೆಲ್ಲಮೆಲ್ಲನೆ ಹೊರಡುವಂತೆ ಮಾಡುತ್ತಾರೆ.

ಮೊಮ್ಮಗನ ಚಿಂತೆಯೇ ಬೇರೆ. 1974ರ ನೇತ್ರಾವತಿಯ ನೆರೆ ಎಷ್ಟನೆಯ ಉಂಗುರದಲ್ಲಿದೆಯೆಂದು ಅವನು ಕಾಂಡದ ಕೊಯ್ದ ಮುಖದ ಮೇಲೆ ಬೆರಳಿಟ್ಟು ಹುಡುಕಿದ. ತೇಗದಲ್ಲಾದರೆ ವರ್ಷದ ಉಂಗುರಗಳು ಸ್ಪಷ್ಟ. ಹಲಸಿನಲ್ಲಿ ಅವು ಮಸುಕು. ತೆಂಗು, ಅಡಕೆಗಳಲ್ಲಂತೂ ಉಂಗುರವೇ ಇಲ್ಲ.

"ನೆರೆ ಬಂದ ವರ್ಷವೋ? ಒಂದು ವಾರ ಇದರ ಉಪ್ಪುಸೊಳೆಯದೇ ಪಲ್ಯ, ಮಗೂ. ಓಣಿಯವರೆಲ್ಲ ನಮ್ಮಲ್ಲೇ ಉಂಡರು," ಎಂದರು ಅಜ್ಜಿ. ಮೂರು ದಿನಗಳಲ್ಲಿ ಅವರಾಡಿದ ಮೊದಲ ದೀರ್ಘವಾದ ಮಾತು ಅದೇ.

ಉಳಿದೆರಡು ಬಿಲ್ಲೆಗಳು ಕೊಟ್ಟಿಗೆಯ ನೆರಳಿನಲ್ಲಿ ಮಳೆಗಾಲ ಕಳೆದವು. ಡಿಸೆಂಬರ್ ರಜೆಯಲ್ಲಿ ಮರಳುಕಾಗದ ತಿಕ್ಕಿದಾಗ ಅರಸಿನದಂತಹ ಕೆಚ್ಚು ಹೊಳೆಯಿತು. ಬೆಳಕು ಕಂಡಂತೆ ಅದು ಕಂದಾಗುವುದೂ ಸ್ವಭಾವವೇ. ಕಿರಿಯ ಸೊಸೆ ಒಂದರ ಮೇಲೆ ನವಿಲನ್ನು ಬರೆದಳು. ನವಿಲು ಚೆನ್ನಾಗಿಯೇ ಇತ್ತು, ಆದರೆ ಮರ ಮರೆಯಾಯಿತು. ಇನ್ನೊಂದರ ಅಂಚಿಗೆ ಬಿಳಿಯ ಎಳೆಯೊಂದನ್ನಷ್ಟೇ ಎಳೆದು ಸುಮ್ಮನಾದಳು.

ಹಿರಿಯ ಮಗ ತನ್ನ ಬಿಲ್ಲೆಯನ್ನು ಸೌದೆಯ ರಾಶಿಯಲ್ಲಿ ಹುಡುಕಿದ, ಸಿಗಲಿಲ್ಲ. ಊಟದ ಹೊತ್ತಿಗೆ ತಾಯಿ ಅದನ್ನೇ ನೆಲದ ಮೇಲಿಟ್ಟು, ಅದರ ಮೇಲೆ ಕುಚ್ಚಲಕ್ಕಿ ಗಂಜಿಯ ತಪ್ಪಲೆಯನ್ನು ಇಳಿಸಿದರು.