ಯಾರ ಖಾತೆಗೆ ಬರೆಯುವುದು?

ಪ್ರೊಸೆಸರಿನ ಒಂದು ಕೋರ್‌ಗೆ ಒಂದು ಹೊತ್ತಿಗೆ ಒಂದೇ ಕೆಲಸ. ಲ್ಯಾಪ್‌ಟಾಪಿನಲ್ಲಿ ಹಾಡು, ಬ್ರೌಸರು, ಆಫೀಸಿನ ವಿಪಿಎನ್ನು ಎಲ್ಲವೂ ಒಟ್ಟಿಗೆ ನಡೆಯುತ್ತಿರುವಂತೆ ಕಾಣುವುದು ಕರ್ನಲ್‌ನೊಳಗೆ ಕೂತ ಶೆಡ್ಯೂಲರ್ ಸರದಿಯನ್ನು ಅಷ್ಟು ಚುರುಕಾಗಿ ಬದಲಿಸುತ್ತಿರುವುದರಿಂದ. ಸರದಿ ನ್ಯಾಯವಾಗಿರಬೇಕಾದರೆ ಯಾರು ಎಷ್ಟು ಹೊತ್ತು ಓಡಿದರು ಎಂಬ ಲೆಕ್ಕ ಸರಿಯಿರಬೇಕು. ಎಂಟೆಕ್‌ನಲ್ಲಿ ನಮಗೆ ಸರದಿಯ ಸೂತ್ರಗಳನ್ನೆಲ್ಲ ಬಾಯಿಪಾಠ ಮಾಡಿಸಿದರು. ಲೆಕ್ಕ ಬರೆಯುವುದರ ಬಗ್ಗೆ ಯಾರೂ ಹೇಳಲಿಲ್ಲ. ಅದು ಗುಮಾಸ್ತೆ ಕೆಲಸ ಎಂದುಕೊಂಡಿದ್ದರೋ ಏನೋ.

ಹಳೆಯ ಲಿನಕ್ಸ್‌ನಲ್ಲಿ ಈ ಲೆಕ್ಕ ಹಾಜರಿ ಕೂಗಿದ ಹಾಗಿತ್ತು. ಗಡಿಯಾರ ಸೆಕೆಂಡಿಗೆ 250 ಸಲ ಟಿಕ್ ಎನ್ನುತ್ತದೆ ಎಂದಿಟ್ಟುಕೊಳ್ಳಿ, ಅಂದರೆ 4 ಮಿಲಿಸೆಕೆಂಡಿಗೊಮ್ಮೆ. ಆ ಕ್ಷಣ ಸಿಪಿಯು ಮೇಲೆ ಯಾರಿದ್ದಾರೋ ಅವರ ಖಾತೆಗೆ ಇಡೀ ಟಿಕ್ ಖರ್ಚು. ಅದಕ್ಕೆ ಮುಂಚೆಯೇ ಎದ್ದು ಹೋದವನಿಗೆ ಏನೂ ಇಲ್ಲ. ಚೆಕಿಂಗ್ ಇರುವ ಸ್ಟಾಪಿಗೆ ಒಂದು ಸ್ಟಾಪು ಮೊದಲೇ ಬಸ್ಸಿಳಿಯುವ ಜಾಣರನ್ನು ನೀವೂ ನೋಡಿರುತ್ತೀರಿ. ಕಂಪ್ಯೂಟರಿನಲ್ಲೂ ಹಾಗೆ ಮಾಡಬಹುದೆಂದು ತ್ಸಫ್ರಿರ್ ಮತ್ತು ಸಂಗಡಿಗರು 2007ರ ಯೂಸ್‌ನಿಕ್ಸ್ ಭದ್ರತಾ ಸಮ್ಮೇಳನದಲ್ಲಿ ತೋರಿಸಿದರು. ಯಾವ ವಿಶೇಷ ಅಧಿಕಾರವೂ ಇಲ್ಲದ ಪ್ರೋಗ್ರಾಮು, ಟಿಕ್ ಬೀಳುವ ಮುನ್ನ ಸರಿದುಕೊಳ್ಳುತ್ತ, ಸಿಪಿಯುವಿನ ಬಹುಪಾಲನ್ನು ನುಂಗಿಯೂ ಲೆಕ್ಕದಲ್ಲಿ ಸಾಧುವಾಗಿ ಉಳಿಯಬಲ್ಲದು.

ಅದೇ ವರ್ಷ ಅಕ್ಟೋಬರಿನಲ್ಲಿ ಬಂದ 2.6.23 ಆವೃತ್ತಿಯಲ್ಲಿ ಇಂಗೊ ಮೋಲ್ನಾರ್ ಅವರ ಸಿಎಫ್‌ಎಸ್ ಸೇರಿತು. ನ್ಯಾಯದ ಹಂಚಿಕೆ ಸಾಧ್ಯ ಎಂದು ಅದಕ್ಕೂ ಮೊದಲು ಬರೆದು ತೋರಿಸಿದ್ದವರು ಕಾನ್ ಕೊಲಿವಾಸ್, ವೃತ್ತಿಯಿಂದ ಆಸ್ಟ್ರೇಲಿಯಾದ ಅರಿವಳಿಕೆ ವೈದ್ಯರು. ಸಿಎಫ್‌ಎಸ್ ಟಿಕ್ ಎಣಿಸುವುದಿಲ್ಲ. ಟಾಸ್ಕ್ ಸಿಪಿಯು ಹತ್ತಿದ ಸಮಯ, ಇಳಿದ ಸಮಯ ಎರಡನ್ನೂ ನ್ಯಾನೊಸೆಕೆಂಡಿನಲ್ಲಿ ಗುರುತಿಸಿ ಕಳೆಯುತ್ತದೆ. ಬಂದ ಮೊತ್ತವನ್ನು ಟಾಸ್ಕ್‌ನ ತೂಕಕ್ಕೆ ತಕ್ಕಂತೆ ಹಿಗ್ಗಿಸಿಯೋ ಕುಗ್ಗಿಸಿಯೋ ವರ್ಚುವಲ್ ರನ್‌ಟೈಮ್ ಎಂಬ ಖಾತೆಗೆ ಸೇರಿಸುತ್ತದೆ. ಸಾಮಾನ್ಯ ಟಾಸ್ಕ್‌ನ ತೂಕ 1024. ನೈಸ್ 5 ಎಂದು ತಾನಾಗಿ ಹಿಂದೆ ಸರಿದದ್ದರ ತೂಕ 335. ಹಾಗಾಗಿ ಅದು 1 ಮಿಲಿಸೆಕೆಂಡು ಓಡಿದರೆ ಖಾತೆಯಲ್ಲಿ ಸುಮಾರು 3 ಏರುತ್ತದೆ. ಯಾರ ಖಾತೆ ಎಲ್ಲಕ್ಕಿಂತ ಕಡಿಮೆಯೋ ಮುಂದಿನ ಸರದಿ ಅವರದು.

ಬಹಳ ಹೊತ್ತು ಮಲಗಿ ಎದ್ದ ಟಾಸ್ಕ್‌ನ ಖಾತೆ ತೀರ ಕೆಳಗಿರುತ್ತದಲ್ಲ? ಅಷ್ಟೂ ಬಾಕಿ ವಸೂಲಿಗೆ ಬಿಟ್ಟರೆ ಉಳಿದವರು ಉಪವಾಸ ಬೀಳುತ್ತಾರೆ. ಅದಕ್ಕೆ ಎದ್ದವನನ್ನು ಈಗ ಓಡುತ್ತಿರುವವರ ಮಟ್ಟಕ್ಕೆ ತಂದು, ತುಸು ರಿಯಾಯಿತಿ ಕೊಟ್ಟು, ಸಾಲಿನಲ್ಲಿ ಕೂರಿಸುತ್ತಾರೆ. ವರ್ಷಕ್ಕೊಮ್ಮೆ ಊರಿಗೆ ಹೋಗಿ ಮನೆಯ ತೀರ್ಮಾನವನ್ನೆಲ್ಲ ಒಂದೇ ವಾರದಲ್ಲಿ ಮಾಡಿಬಿಡಬೇಕೆನ್ನುವ ನಮ್ಮಂಥವರಿಗೂ ಈ ನಿಯಮ ಇದ್ದಿದ್ದರೆ ಚೆನ್ನಾಗಿತ್ತು.

ಇಷ್ಟು ನಾಜೂಕಿನ ಲೆಕ್ಕದಲ್ಲೂ ಒಂದು ತೂತು ಉಳಿದಿತ್ತು. ಒಂದು ಟಾಸ್ಕ್ ತನ್ನ ಪಾಡಿಗೆ ಓಡುತ್ತಿರುವಾಗ ನೆಟ್‌ವರ್ಕ್ ಕಾರ್ಡ್ ಇಂಟರಪ್ಟ್ ಕೊಡುತ್ತದೆ. ಕರ್ನಲ್ ಆ ಟಾಸ್ಕ್ ಅನ್ನು ನಿಂತಲ್ಲೇ ನಿಲ್ಲಿಸಿ, ಬಂದ ಪ್ಯಾಕೆಟ್ಟುಗಳನ್ನು ವಿಲೇವಾರಿ ಮಾಡಿ, ಮತ್ತೆ ಓಡಲು ಬಿಡುತ್ತದೆ. ಪ್ಯಾಕೆಟ್ಟುಗಳು ಇನ್ಯಾರದೋ ಆಗಿರಬಹುದು. ಆದರೆ ಹತ್ತಿದ್ದಕ್ಕೂ ಇಳಿದಿದ್ದಕ್ಕೂ ನಡುವಿನ ಅಂತರವನ್ನೇ ಖರ್ಚು ಎಂದು ಬರೆದರೆ ಆ ಹೊತ್ತೂ ಇದರ ತಲೆಗೇ. ಸಮಯ ಹೋಗಿದ್ದು ಒಂದು ಪೆಟ್ಟು. ನೀನೇ ತಿಂದಿದ್ದೀಯ ಎಂದು ಸರದಿಯಲ್ಲಿ ಹಿಂದಕ್ಕೆ ತಳ್ಳಿಸಿಕೊಳ್ಳುವುದು ಇನ್ನೊಂದು.

ಪುಣೆಗೆ ಬಂದ ಹೊಸದರಲ್ಲಿ ಇದನ್ನು ಕಣ್ಣಾರೆ ಕಂಡೆ. ಕ್ಯಾಮರಾಗಳ ದೃಶ್ಯ ಸಂಗ್ರಹಿಸುವ ಒಂದು ಪೆಟ್ಟಿಗೆ, ಅದರಲ್ಲಿ 2.6.32 ಕರ್ನಲ್. ದೃಶ್ಯವನ್ನು ಕುಗ್ಗಿಸುವ ಪ್ರೋಗ್ರಾಮಿಗೆ ಸಿಪಿಯು ಧಾರಾಳವಾಗಿ ಸಿಗುತ್ತಿದೆ ಎಂದು ಅಂಕಿಗಳು ಹೇಳುತ್ತಿದ್ದವು, ಫ್ರೇಮುಗಳು ಮಾತ್ರ ಬಿದ್ದುಹೋಗುತ್ತಿದ್ದವು. ಪ್ರೋಗ್ರಾಮು ಬರೆದವನನ್ನು ಎಲ್ಲರೂ ಸೇರಿ ಒಂದು ವಾರ ಹಿಂಡಿದರು. ಕೊನೆಗೆ ನೋಡಿದರೆ ಕಾರ್ಡಿನ ಇಂಟರಪ್ಟುಗಳೆಲ್ಲ ಅದು ಓಡುವ ಕೋರ್‌ಗೇ ಬೀಳುತ್ತಿದ್ದವು. ಪ್ಯಾಕೆಟ್ಟು ರೆಕಾರ್ಡರ್‌ನದು, ಬಿಲ್ಲು ಇವನದು.

ಇದರ ರಿಪೇರಿ 2011ರ ಜನವರಿಯಲ್ಲಿ ಹೊರಬಂದ 2.6.37ರಲ್ಲಿತ್ತು. ಇಂಟರಪ್ಟ್ ಒಳಹೊಕ್ಕಾಗ, ಹೊರಬಂದಾಗ ಸಮಯ ಗುರುತು ಹಾಕಿಕೊಂಡು ಅದನ್ನು ಬೇರೆಯೇ ಕೂಡಿಸುತ್ತಾರೆ. ಟಾಸ್ಕ್‌ಗಳಿಗೆ ಎರಡನೆಯ ಗಡಿಯಾರ. ಇಂಟರಪ್ಟಿನ ಹೊತ್ತಿನಲ್ಲಿ ಅದು ಮುಂದಕ್ಕೆ ಹೋಗುವುದಿಲ್ಲ. ಪ್ರತಿ ಸಲ ಸಮಯ ಓದುವುದಕ್ಕೂ ಖರ್ಚಿದೆ, ಆದ್ದರಿಂದ ಬೇಕಾದವರು ಆರಿಸಿಕೊಳ್ಳಲಿ ಎಂದು ಇಟ್ಟರು. ನನಗೆ ಹೆಚ್ಚು ಹಿಡಿಸಿದ್ದು ಅದರ ಜೊತೆಗೇ ಬಂದ ಇನ್ನೊಂದು ತಿದ್ದುಪಡಿ: ಇಂಟರಪ್ಟುಗಳಲ್ಲಿ ಮುಳುಗಿದ ಸಿಪಿಯುವಿನ ಶಕ್ತಿಯನ್ನೇ ಅಷ್ಟರಮಟ್ಟಿಗೆ ಕಡಿಮೆ ಎಂದು ತೋರಿಸುವುದು. ಆಗ ಹೊರೆ ಹಂಚುವ ಭಾಗ ಅಲ್ಲಿಗೆ ಕಡಿಮೆ ಕೆಲಸ ಕಳಿಸುತ್ತದೆ. ತಪ್ಪು ಬಿಲ್ಲು ತಪ್ಪಿಸಿ, ಹೊರೆ ಅಷ್ಟೇ ಉಳಿಸಿದ್ದರೆ ಅರ್ಧ ನ್ಯಾಯವಾಗುತ್ತಿತ್ತು. 2023ರ 6.6ರಲ್ಲಿ ಸರದಿ ಆರಿಸುವ ಸೂತ್ರವೇ ಬದಲಾಗಿ ಇಇವಿಡಿಎಫ್ ಬಂತು. ಆ ಎರಡನೆಯ ಗಡಿಯಾರ ಹಾಗೇ ಉಳಿದಿದೆ.

ಈಗ ನಾನು ಕರ್ನಲ್ ಮುಟ್ಟುವುದಿಲ್ಲ, ಟೈಮ್‌ಶೀಟ್ ಮುಟ್ಟುತ್ತೇನೆ. ನಮ್ಮ ತಂಡದಲ್ಲಿ ಕೊಲ್ಹಾಪುರದ ಕಡೆಯ ಹುಡುಗನೊಬ್ಬನಿದ್ದಾನೆ. ಯಾರ ಬಿಲ್ಡ್ ಒಡೆದರೂ, ಯಾವ ಹೊಸಬರಿಗೆ ಏನು ತಿಳಿಯದಿದ್ದರೂ ಎಲ್ಲರೂ ಹೋಗುವುದು ಅವನ ಕುರ್ಚಿಗೇ. ಅವನೂ ಇಲ್ಲ ಎನ್ನುವವನಲ್ಲ. ಟೈಮ್‌ಶೀಟಿನಲ್ಲಿ ದಿನದ 8 ಗಂಟೆಯನ್ನೂ ತನ್ನ ಹೆಸರಿನ ಟಿಕೆಟ್ಟಿಗೇ ಬರೆಯಬೇಕೆಂಬುದು ಕಂಪನಿಯ ಕಟ್ಟಳೆ. ಹೀಗಾಗಿ 2 ದಿನದ ಟಿಕೆಟ್ಟಿಗೆ ಅವನು 4 ದಿನ ತಿಂದಂತೆ ಕಾಣುತ್ತದೆ. ಹೋದ ಅಪ್ರೈಸಲ್‌ನಲ್ಲಿ ಮೇಲಿನವರು ಕಳಿಸಿದ ಪಟ್ಟಿಯಲ್ಲಿ 'ನಿಧಾನ' ಎಂಬ ಷರಾದೊಂದಿಗೆ ಅವನ ಹೆಸರಿತ್ತು. ವಾದ ಮಾಡಿ ತೆಗೆಸಿದೆ. ಈ ಸಲ ಬಾಯಿಮಾತು ನಡೆಯುವುದಿಲ್ಲ ಎಂದು ಆಗಲೇ ಹೇಳಿದ್ದಾರೆ.

"ಸರ್, ಎರಡು ನಿಮಿಷದ ಕೆಲಸ ಅದು, ಅದಕ್ಕೆಲ್ಲ ಏನು ಬರೆಯೋದು?" ಎಂದ ಅವನು. ಬರೆ ಎಂದೆ. ಮೂರು ತಿಂಗಳಿಂದ ಟೈಮ್‌ಶೀಟಿನಲ್ಲಿ 'ತಂಡದ ನೆರವು' ಎಂಬ ಬೇರೆ ಸಾಲು ತೆರೆದಿದ್ದೇನೆ. ಅವನ ಹೆಸರಿಗೆ ಹಾಕುವ ಟಿಕೆಟ್ಟುಗಳನ್ನು ಆ ಮಟ್ಟಿಗೆ ಇಳಿಸಿದ್ದೇನೆ. ಗ್ರಾಹಕರಿಗೆ ಬಿಲ್ ಮಾಡಲಾಗದ ಗಂಟೆಗಳು ಎಂದು ಫೈನಾನ್ಸ್‌ನವರು ಆ ಸಾಲನ್ನು ಎರಡು ಸಲ ವಾಪಸ್ ಕಳಿಸಿದರು. ಎರಡು ಸಲವೂ ಹಾಗೇ ಮತ್ತೆ ಕಳಿಸಿದೆ. ವಾರಕ್ಕೆ ಸರಾಸರಿ 14 ಗಂಟೆ ಬಂದಿದೆ. ಇತ್ತೀಚೆಗೆ ಇನ್ನಿಬ್ಬರು ಹೆಣ್ಣುಮಕ್ಕಳು ಬಂದು, ನಮಗೂ ಆ ಸಾಲು ಬೇಕು ಸರ್ ಎಂದು ಕೇಳಿದರು. ತೆರೆದುಕೊಟ್ಟೆ. ಸೋಮವಾರ ಮೂರು ಗಂಟೆಗೆ ಮೀಟಿಂಗಿದೆ, ಹಾಳೆಗಳನ್ನು ಪ್ರಿಂಟು ಹಾಕಿಸಿ ಇಟ್ಟುಕೊಂಡಿದ್ದೇನೆ.