ಕಪ್ಪು ನೆಲದ ಉಪ್ಪು

ಬಳ್ಳಾರಿ ಕೋಟೆ ಹತ್ತುವವರು ಬೆಳಿಗ್ಗೆ ಎಂಟರೊಳಗೆ ಹತ್ತಿಬಿಡಬೇಕು. ಆಮೇಲೆ ಬಂಡೆಯ ಕಾವು ಚಪ್ಪಲಿ ದಾಟಿ ಅಂಗಾಲಿಗೆ ತಾಗುತ್ತದೆ. ಮಲೆನಾಡಿನಿಂದ ಬಂದ ನನಗೆ ಬಿಸಿಲಿಗಿಂತ ಹೆಚ್ಚು ಬೆರಗು ಹುಟ್ಟಿಸಿದ್ದು ಕಲ್ಲು. ನಮ್ಮ ಕಡೆ ಕಲ್ಲೆಂದರೆ ಹಾವಸೆ, ಜರೀಗಿಡಗಳಡಿ ಅಡಗಿರುವಂಥದ್ದು. ಇಲ್ಲಿ ಗುಡ್ಡಕ್ಕೆ ಗುಡ್ಡವೇ ಬರಿಮೈಯಲ್ಲಿ ನಿಂತಿದೆ. ಈ ಸೀಮೆಯ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಆದರೂ ಇದು ಕರಗಿ, ಮತ್ತೆ ಹೆಪ್ಪುಗಟ್ಟಿದ ಕಲ್ಲು. ಸೌರಮಂಡಲ ಹುಟ್ಟಿದ 456 ಕೋಟಿ ವರ್ಷಗಳ ಹಿಂದಿನ ಸುದ್ದಿ ಬೇಕಿದ್ದರೆ ಒಮ್ಮೆಯೂ ಕರಗದ ಕಲ್ಲನ್ನು ಹುಡುಕಬೇಕು. ಇಂಗಾಲ ತುಂಬಿದ ಕಪ್ಪು ಕ್ಷುದ್ರಗ್ರಹಗಳು ಅಂಥವು. ಈ ಊರು ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, 1866ರಲ್ಲಿ, ಮದ್ರಾಸ್ ವೀಕ್ಷಣಾಲಯದ ನಾರ್ಮನ್ ಪಾಗ್ಸನ್ ಕಂಡುಹಿಡಿದ ‘ಸಿಲ್ವಿಯಾ’ ಕೂಡ ಹಾಗೇ ಕಡುಗಪ್ಪು.

ಸಂಗನಕಲ್ಲಿನ ಹಿರೇಗುಡ್ಡದಲ್ಲಿ ಕಪ್ಪು ಕಲ್ಲೇ ಎದುರಾಗುತ್ತದೆ. ಗ್ರಾನೈಟನ್ನು ಸೀಳಿಕೊಂಡು ಎದ್ದ ಡಾಲರೈಟ್ ಸಾಲು. ನವಶಿಲಾಯುಗದವರು ಇದರಿಂದಲೇ ಕೊಡಲಿ ಮಾಡಿದರು, ಇದರ ಮೇಲೆಯೇ ಗೂಳಿಗಳ ಚಿತ್ರ ಕುಟ್ಟಿದರು. ಕೆಲವು ಬಂಡೆಗಳು ತಟ್ಟಿದರೆ ಠಣ್ ಎನ್ನುತ್ತವೆ! ಇದರ ಕಪ್ಪು ಕಬ್ಬಿಣ, ಮೆಗ್ನೀಸಿಯಂ ಖನಿಜಗಳದ್ದು. ‘ಬೆನ್ನು’ ಎಂಬ ಕ್ಷುದ್ರಗ್ರಹದ ಕಪ್ಪೇ ಬೇರೆ. ಅದು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲಷ್ಟೇ ಹಿಂದೆ ಕಳಿಸುತ್ತದೆ.

ಮುಂದಿನ ಬಸ್ಸಿನ ತುಂಬ ಒಣಮೆಣಸಿನಕಾಯಿ ಮೂಟೆಗಳು. ಕುರುಗೋಡು ಬರುವವರೆಗೂ ಬಸ್ಸಿಗೆ ಬಸ್ಸೇ ಸೀನಿತು. ದೊಡ್ಡಬಸವೇಶ್ವರನ ಏಕಶಿಲೆಯ ನಂದಿಯ ಮುಂದೆ ನಿಂತು ಕತ್ತೆತ್ತಿ ನೋಡುವಾಗಲೂ ಕಣ್ಣಲ್ಲಿ ನೀರು.

ಸಿರುಗುಪ್ಪದ ಹಾದಿಯಲ್ಲಿ ನೋಟವೇ ಬದಲು. ತುಂಗಭದ್ರೆಯ ನೀರುಂಡ ಗದ್ದೆಗಳು, ಅಕ್ಕಿ ಗಿರಣಿಗಳು. ಒಂದು ಗದ್ದೆಯಂಚಿನಲ್ಲಿ ಕಪ್ಪು ಎರೆಮಣ್ಣಿನ ಮೇಲೆ ಬೆಳ್ಳಗೆ ಹಕ್ಕಳೆ ಕಟ್ಟಿದೆ. ಕೂತು ಉಗುರಿನಿಂದ ಎಬ್ಬಿಸುತ್ತೇನೆ. ತೆಳ್ಳನೆಯ ಪದರ ಪುಡಿಪುಡಿಯಾಗಿ ಬೆರಳಿಗಂಟುತ್ತದೆ.

“ಸವಳು ಸರ್. ನೀರು ನಿಂತು ಆರಿದ್ರೆ ಉಪ್ಪು ಮೇಲಕ್ಕೆ ಬರ್ತೈತಿ,” ಎಂದರು ಹೊಲದ ಯಜಮಾನರು.

ನನಗೆ ಮೈ ಜುಮ್ಮೆಂದಿತು. ಒಸೈರಿಸ್-ರೆಕ್ಸ್ ನೌಕೆ 2020ರಲ್ಲಿ ಬೆನ್ನುವಿನಿಂದ ಬಾಚಿಕೊಂಡು, 2023ರ ಸೆಪ್ಟೆಂಬರ್ 24ರಂದು ಅಮೆರಿಕದ ಯೂಟಾ ಮರುಭೂಮಿಗೆ ಇಳಿಸಿದ 121.6 ಗ್ರಾಂ ಕಲ್ಲುಪುಡಿಯಲ್ಲೂ ಸಿಕ್ಕಿದ್ದು ಇದೇ ಕಥೆ: ಉಪ್ಪುನೀರು ಆರಿ ಉಳಿದ ಸೋಡಿಯಂ ಲವಣಗಳು. ಜೊತೆಗೆ ಅಮೋನಿಯಾ, ಜೀವಿಗಳು ಪ್ರೋಟೀನಿಗೆ ಬಳಸುವ 20 ಅಮೈನೋ ಆಮ್ಲಗಳಲ್ಲಿ 14, ಡಿಎನ್‌ಎ ಮತ್ತು ಆರ್‌ಎನ್‌ಎಗಳ ಐದೂ ಪ್ರತ್ಯಾಮ್ಲಗಳು. 2025ರ ಜನವರಿಯಲ್ಲಿ ಇದು ಪ್ರಕಟವಾಯಿತು.

ಹೇಳಿದೆ. “ಅಲ್ಲಿಗೆ ನೀರು ಯಾವ ಕಾಲುವೆದು?” ಎಂದು ಕೇಳಿದರು. ಎಂಥ ಒಳ್ಳೆಯ ಪ್ರಶ್ನೆ! ಬೆನ್ನುವಿನ ಮೂಲಕಾಯ ಸೂರ್ಯನಿಂದ ದೂರದ ಚಳಿಯಲ್ಲಿ ಮಂಜುಗಡ್ಡೆ ಸಮೇತ ಕೂಡಿಕೊಂಡಿತ್ತು. ವಿಕಿರಣಶೀಲ ಅಲ್ಯೂಮಿನಿಯಂ ಹೊಮ್ಮಿಸಿದ ಶಾಖಕ್ಕೆ ಮಂಜು ಕರಗಿತು, ಕಲ್ಲು ಕರಗಲಿಲ್ಲ. ಆಮೇಲೆ ಅದು ಡಿಕ್ಕಿಯಲ್ಲಿ ಒಡೆಯಿತು. ಚೂರುಗಳು ಮತ್ತೆ ಗುಂಪುಗೂಡಿದ ರಾಶಿಯೇ ಬೆನ್ನು.

“ಒಂದು ಮಳೆ ಬಿದ್ರೆ ಈ ಬಿಳುಪು ಕಾಣಲ್ಲ ಸರ್,” ಎಂದರು. ನಿಜ. 2017ರಲ್ಲಿ ಜೈಪುರದ ಹತ್ತಿರ ಮುಕುಂದಪುರದಲ್ಲಿ ಬಿದ್ದಂಥ ಇಂಗಾಲಭರಿತ ಉಲ್ಕಾಶಿಲೆಗಳಲ್ಲೂ ಇಂಥ ಲವಣಗಳು ನಮ್ಮ ಗಾಳಿಯ ತೇವಕ್ಕೇ ಹಾಳಾಗುತ್ತವೆ. ಅದಕ್ಕೇ ಬೆನ್ನುವಿನ ತನಕ ಹೋಗಬೇಕಾಯಿತು, ತಂದ ಪುಡಿಯನ್ನು ನೈಟ್ರೋಜನ್ ತುಂಬಿದ ಪೆಟ್ಟಿಗೆಗಳಲ್ಲಿ ಇಡಬೇಕಾಯಿತು.