ಪಂಕ್ತಿಯಲ್ಲಿ ಕೂತ ಪ್ಯಾಕೆಟ್‌ಗಳು

ಮದುವೆ ಊಟದ ಪಂಕ್ತಿಯಲ್ಲಿ ಬಡಿಸುವವರಿಗೆ ಯಾರೂ ಬರೆದಿಡದ ಒಂದು ನಿಯಮವಿದೆ. ಪಾಯಸದ ಪಾತ್ರೆ ಹಿಡಿದವನು ಕೊನೆಯ ಎಲೆಯವರೆಗೂ ಒಂದೊಂದೇ ಸೌಟು ಬಡಿಸುತ್ತಾ ಹೋಗಬೇಕು. ಮೊದಲ ಎಲೆಯವರಿಗೆ ಪಾಯಸ ಎಷ್ಟೇ ಇಷ್ಟವಿರಲಿ, ಎರಡನೇ ಸೌಟು ಎರಡನೇ ಸುತ್ತಿನಲ್ಲಿ. ಆದರೆ ಯಾರಾದರೂ ಒಂದು ಲೋಟ ನೀರು, ಒಂದು ಚಿಟಿಕೆ ಉಪ್ಪು ಕೇಳಿದರೆ ಸುತ್ತು ಬರುವವರೆಗೆ ಕಾಯಿಸುವುದಿಲ್ಲ. ಜಾಲದಲ್ಲಿ ಬ್ಯಾಂಡ್‌ವಿಡ್ತ್ ಹಂಚುವ ವಿದ್ಯೆಯನ್ನು ನಾನು ಪುಸ್ತಕದಿಂದ ಕಲಿತೆ. ಅರ್ಥವಾದದ್ದು ಮಾತ್ರ ಈ ಬಡಿಸುವವರನ್ನು ನೆನೆದಾಗ.

ಮಲೆನಾಡಿನ ಒಂದು ಸಣ್ಣ ಊರಿನ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವುದು ನನ್ನ ಕೆಲಸ. ಪಕ್ಕದ ಹುಡುಗಿಯರ ಹಾಸ್ಟೆಲ್ಲಿನ ಇಂಟರ್ನೆಟ್ ಕೂಡ ನನ್ನ ಪಾಲಿಗೇ ಬಂದಿತ್ತು. ಹಾಸ್ಟೆಲ್ಲಿನಲ್ಲಿ 64 ಹುಡುಗಿಯರು. ಕಾಲೇಜಿನ ಆಫೀಸಿಗೂ ಹಾಸ್ಟೆಲ್ಲಿಗೂ ಸೇರಿ ಒಂದೇ ತಂತಿ. ಒಳಬರುವ ದಾರಿ 20 ಎಂಬಿಪಿಎಸ್, ಹೊರಹೋಗುವ ದಾರಿ ಬರೀ 2 ಎಂಬಿಪಿಎಸ್. ಆಫೀಸನ್ನು ಬಿಟ್ಟು ಲೆಕ್ಕ ಹಾಕಿದರೂ ತಲಾ 312 ಕೆಬಿಪಿಎಸ್ ಚಿಲ್ಲರೆ. ಎಲ್ಲರೂ ಒಂದೇ ಹೊತ್ತಿಗೆ ಕೂರುವುದಿಲ್ಲವಾದ್ದರಿಂದ ಹಗಲು ಹೇಗೋ ಕಳೆಯುತ್ತಿತ್ತು. ರಾತ್ರಿ ಎಂಟಕ್ಕೆ, ಊಟ ಮುಗಿಸಿ ಎಲ್ಲರೂ ಫೋನ್ ಹಿಡಿದಾಗ, ಯಾರಿಗೂ ಏನೂ ಸಿಗುತ್ತಿರಲಿಲ್ಲ.

ಜನ ಇದನ್ನು 'ಸ್ಪೀಡ್ ಇಲ್ಲ' ಎನ್ನುತ್ತಾರೆ. ನಿಜವಾದ ತೊಂದರೆ ಸಾಲಿನದು. ನಾವು ಕಳಿಸುವುದೆಲ್ಲ ಸಣ್ಣ ಸಣ್ಣ ಪ್ಯಾಕೆಟ್‌ಗಳಾಗಿ ಹೋಗುತ್ತದೆ. ದೊಡ್ಡದೆಂದರೆ ಸಾಮಾನ್ಯವಾಗಿ 1500 ಬೈಟ್. 2 ಎಂಬಿಪಿಎಸ್ ದಾರಿಯಲ್ಲಿ ಅಂಥ ಒಂದು ಪ್ಯಾಕೆಟ್ ದಾಟಲು 6 ಮಿಲಿಸೆಕೆಂಡ್ ಬೇಕು. ಒಬ್ಬಳ ಫೋನು ತನ್ನಷ್ಟಕ್ಕೆ ತಾನೇ ಫೋಟೋಗಳನ್ನೆಲ್ಲ ಬ್ಯಾಕಪ್ ಮಾಡುತ್ತಾ 200 ಪ್ಯಾಕೆಟ್‌ಗಳನ್ನು ಮೋಡೆಮ್ಮಿನೊಳಗೆ ತುಂಬಿಸಿಟ್ಟರೆ, ಅದರ ಹಿಂದೆ ಬಂದು ನಿಂತವರು 1.2 ಸೆಕೆಂಡ್ ಕಾಯಬೇಕು. ಫೋಟೋಗೆ ಆ ವಿಳಂಬ ಗೊತ್ತೇ ಆಗುವುದಿಲ್ಲ. ಮಾತಿಗೆ ಹಾಗಲ್ಲ. ಒಂದು ಕಡೆಯ ಮಾತು ಇನ್ನೊಂದು ಕಡೆ ಸೇರಲು 150 ಮಿಲಿಸೆಕೆಂಡಿನೊಳಗಿದ್ದರೆ ಚೆಂದ. ಅದು ದಾಟಿದಂತೆಲ್ಲ ಇಬ್ಬರೂ ಒಟ್ಟಿಗೆ ಮಾತಾಡಿ ಇಬ್ಬರೂ ಒಟ್ಟಿಗೆ ನಿಲ್ಲಿಸುತ್ತಾರೆ.

ಸಾಲಿನ ಈ ಕಾಯಿಲೆ ಹಳೆಯದು. 1986ರ ಅಕ್ಟೋಬರ್‌ನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವಿನ ಸಂಪರ್ಕ ಹೀಗೇ ಕಟ್ಟಿಕೊಂಡಿತ್ತು. ಎರಡರ ನಡುವಿನ ದೂರ ಸುಮಾರು 400 ಗಜ. ಸೆಕೆಂಡಿಗೆ 32,000 ಬಿಟ್ ಹರಿಯುತ್ತಿದ್ದ ಕಡೆ 40 ಬಿಟ್‌ಗೆ ಇಳಿಯಿತು. ವ್ಯಾನ್ ಜೇಕಬ್‌ಸನ್ ಅದರ ಬೆನ್ನು ಹತ್ತಿ 1988ರಲ್ಲಿ ಬರೆದ ಪ್ರಬಂಧದಿಂದ, ದಟ್ಟಣೆ ಕಂಡಾಗ ಕಳಿಸುವವರೇ ವೇಗ ತಗ್ಗಿಸುವ ಕ್ರಮ ಬಳಕೆಗೆ ಬಂತು.

ಅದಕ್ಕೂ ಮೊದಲು, 1985ರ ಡಿಸೆಂಬರ್‌ನಲ್ಲಿ, ಜಾನ್ ನೇಗಲ್ ಎಂಬಾತ ಒಂದು ಸಣ್ಣ ಟಿಪ್ಪಣಿ ಬರೆದಿದ್ದ. ಸಾಲು ನಿಲ್ಲಲು ಮಿತಿಯೇ ಇಲ್ಲದಷ್ಟು ಜಾಗ ಕೊಟ್ಟರೂ ದಟ್ಟಣೆ ತೀರುವುದಿಲ್ಲ, ಪ್ಯಾಕೆಟ್‌ಗಳು ಸಾಲಿನಲ್ಲೇ ಆಯುಷ್ಯ ಮುಗಿಸಿಬಿಡುತ್ತವೆ ಎಂಬುದು ಅದರ ಒಂದು ತೀರ್ಮಾನ. ಇನ್ನೊಂದು, ಕಳಿಸುವ ಪ್ರತಿಯೊಬ್ಬರಿಗೂ ಬೇರೆ ಸಾಲು ಮಾಡಿ, ಒಂದೊಂದು ಸಾಲಿನಿಂದ ಒಂದೊಂದು ಪ್ಯಾಕೆಟ್ ತೆಗೆಯುತ್ತಾ ಸುತ್ತು ಬನ್ನಿ ಎಂಬ ಸಲಹೆ. ದುರಾಸೆಯವನ ಸಾಲು ಉದ್ದವಾದರೆ ಅವನೇ ಕಾಯುತ್ತಾನೆ. ದೊಡ್ಡ ಪ್ಯಾಕೆಟ್ ಕಳಿಸುವವನಿಗೆ ಇದರಲ್ಲೂ ಲಾಭವಿತ್ತು. 1995ರಲ್ಲಿ ಶ್ರೀಧರ್ ಮತ್ತು ಜಾರ್ಜ್ ವರ್ಗೀಸ್ ಪ್ಯಾಕೆಟ್ ಎಣಿಸುವ ಬದಲು ಬೈಟ್ ಎಣಿಸುವ ಸುಲಭ ವಿಧಾನ ಕೊಟ್ಟರು. ನಮ್ಮ ಮಾತಿನಲ್ಲಿ ಹೇಳುವುದಾದರೆ, ಸೌಟಿನ ಅಳತೆ ಎಲ್ಲರಿಗೂ ಒಂದೇ ಆಯಿತು.

ನಮ್ಮ ಹಾಸ್ಟೆಲ್ ಕಮಿಟಿಯವರು ಯೋಚಿಸಿದ್ದು ಬೇರೆ ರೀತಿ. ಯಾವ ಕೆಲಸ ಮುಖ್ಯ, ಯಾವುದು ಅಮುಖ್ಯ ಎಂದು ಒಂದು ಪಟ್ಟಿ ಮಾಡಿಕೊಟ್ಟರು. ಮೊದಲು ಇಮೇಲ್, ಆಮೇಲೆ ವೆಬ್‌ಸೈಟುಗಳು, ಆಮೇಲೆ ಬರೀ ಧ್ವನಿಯ ಕರೆ, ಎಲ್ಲಕ್ಕಿಂತ ಕೆಳಗೆ ವಿಡಿಯೊ. ವಿಡಿಯೊ ಎಂದರೆ ಮನರಂಜನೆ ಎಂಬುದು ಅವರ ಎಣಿಕೆ. ನಮ್ಮಲ್ಲಿದ್ದ ಮೈಕ್ರೋಟಿಕ್ ರೂಟರಿನಲ್ಲಿ ಅಂಥ ಪಟ್ಟಿಗೆ ಜಾಗವೂ ಇದೆ. 1ರಿಂದ 8ರವರೆಗೆ ಆದ್ಯತೆಯ ಅಂಕಿ ಕೊಡಬಹುದು, 1 ಎಲ್ಲಕ್ಕಿಂತ ಮೇಲೆ. ನಾನು ಪಟ್ಟಿಯನ್ನು ರೂಟರಿಗೆ ಹಾಕುವ ಮೊದಲು ಹಾಸ್ಟೆಲ್ಲಿನ ನೋಟಿಸ್ ಬೋರ್ಡಿಗೆ ಹಾಕಿದೆ. ಒಂದು ವಾರದೊಳಗೆ ಯಾರಿಗೆ ಏನು ತಕರಾರಿದ್ದರೂ ಬಂದು ಹೇಳಿ ಎಂದು ಕೆಳಗೆ ಬರೆದೆ.

ಮೊದಲು ಬಂದವಳು, "ಮೇಡಂ, ಬಯಾಲಜಿ ಸರ್ ಪಾಠ ಹಾಕೋದೇ ಯೂಟ್ಯೂಬ್‌ನಲ್ಲಿ" ಅಂದಳು. ಅದು ನಿರೀಕ್ಷಿಸಿದ್ದೇ. ಮೂರನೇ ದಿನ ಹಾವೇರಿ ಕಡೆಯ ಹುಡುಗಿಯೊಬ್ಬಳು ಲ್ಯಾಬಿನ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದು, ಉಳಿದವರೆಲ್ಲ ಹೋದ ಮೇಲೆ ಒಳಗೆ ಬಂದಳು. "ಮೇಡಂ, ನಮ್ಮ ಅವ್ವಗ ಕಿವಿ ಕೇಳ್ಸಂಗಿಲ್ರೀ. ನಾವು ಕೈಲೆ ಮಾತಾಡ್ತೀವ್ರಿ. ವಿಡಿಯೊ ನಿಂತ್ರ ನಮ್ಮ ಮಾತೇ ನಿಂತಂಗ್ರಿ." ಇಷ್ಟು ಹೇಳಿ, ರಾತ್ರಿ ಎಂಟೂವರೆಗೆ ಅಪ್ಪ ಹೊಲದಿಂದ ಬಂದ ಮೇಲೆ ಮನೆಯಲ್ಲಿ ಫೋನು ಸಿಗುತ್ತದೆ, ಬೇರೆ ಹೊತ್ತಿಗೆ ಆಗುವುದಿಲ್ಲ ಎಂದೂ ಸೇರಿಸಿದಳು.

ಕಮಿಟಿಯ ಪಟ್ಟಿಯಲ್ಲಿ ಆ ತಾಯಿ ಮಗಳ ಮಾತು ಕೊನೆಯ ಸಾಲಿನಲ್ಲಿತ್ತು. ಅವರಿಗೆ ಒಂದು ವಿನಾಯಿತಿ ಬರೆದರೆ ಮುಗಿಯುತ್ತಿತ್ತು. ಆದರೆ ಬಾಗಿಲವರೆಗೆ ಬಂದು ವಾಪಸು ಹೋದವರು ಇನ್ನೆಷ್ಟು ಜನರಿರಬಹುದು? ತನ್ನ ಮನೆಯ ಕಷ್ಟ ಹೇಳಿಕೊಂಡವರಿಗೆ ಮಾತ್ರ ದಾರಿ ಬಿಡುವ ವ್ಯವಸ್ಥೆ ನನಗೆ ಸರಿ ಕಾಣಲಿಲ್ಲ.

ಇನ್ನೊಂದು ತೊಡಕು ರೂಟರಿನದೇ. ಹಿಂದೆ ಪೋರ್ಟ್ ಸಂಖ್ಯೆ ನೋಡಿದರೆ ಯಾವ ಪ್ರೋಟೋಕಾಲ್ ಎಂದು ತಿಳಿಯುತ್ತಿತ್ತು. ಇಮೇಲ್ ಕಳಿಸುವುದಕ್ಕೆ 25, ಫೈಲ್‌ಗೆ 21, ವೆಬ್‌ಗೆ 80. ಈಗ ಬಹುಪಾಲು ಎಲ್ಲವೂ ಗೂಢಲಿಪಿಯ ಮುಸುಕು ಹೊದ್ದು 443ರಲ್ಲೇ ಹೋಗುತ್ತವೆ. ಪಾಠ, ಸಿನಿಮಾ, ಬ್ಯಾಂಕು, ಪರೀಕ್ಷೆಯ ಫಲಿತಾಂಶ ಎಲ್ಲಕ್ಕೂ ಒಂದೇ ಬಾಗಿಲು. ಒಳಗೇನಿದೆ ಎಂದು ರೂಟರಿಗೆ ಕಾಣುವುದಿಲ್ಲ. ಕಾಣಬಾರದು ಕೂಡ.

ಹಾಗಾಗಿ ಪಟ್ಟಿ ಬದಿಗಿಟ್ಟು ಎಲೆ ಹಾಕುವುದರಿಂದ ಶುರುಮಾಡಿದೆ. ಮೊದಲ ಕೆಲಸ, ಒಟ್ಟು ಮಿತಿಯನ್ನು ತಂತಿಗಿಂತ ಸ್ವಲ್ಪ ಕಡಿಮೆ, 18 ಎಂಬಿಪಿಎಸ್‌ಗೆ ಕಟ್ಟುವುದು. ಆಗ ಸಾಲು ನಮ್ಮ ಕೈಗೆಟುಕದ ಕಡೆ ಬೆಳೆಯದೆ ನಮ್ಮ ರೂಟರಿನಲ್ಲೇ ನಿಲ್ಲುತ್ತದೆ. ಆಮೇಲೆ ಒಬ್ಬೊಬ್ಬಳ ಲಾಗಿನ್‌ಗೂ ಒಂದೊಂದು ಸಾಲು: ತಲಾ 200 ಕೆಬಿಪಿಎಸ್ ಖಾತ್ರಿ, ಬೇರೆಯವರು ಬಳಸದೆ ಬಿಟ್ಟದ್ದನ್ನು ಎಷ್ಟು ಬೇಕಾದರೂ ತೆಗೆದುಕೊಳ್ಳಬಹುದು. 64 ಜನಕ್ಕೆ 12.8 ಎಂಬಿಪಿಎಸ್ ಆಯಿತು. ಒಬ್ಬಳ ಸಾಲಿನೊಳಗೂ ಅವಳ ಕರೆ ಅವಳದೇ ಡೌನ್‌ಲೋಡಿನ ಹಿಂದೆ ಸಿಕ್ಕಿಬೀಳದಂತೆ ಸರದಿ ಇಟ್ಟೆ. ಹೆಸರಿನಿಂದ ವಿಳಾಸ ಹುಡುಕುವ ಡಿಎನ್‌ಎಸ್ ಪ್ರಶ್ನೆಗಳನ್ನು ಮಾತ್ರ ಎಲ್ಲರಿಗಿಂತ ಮುಂದೆ ಬಿಟ್ಟೆ. ಅವು ಪಂಕ್ತಿಯಲ್ಲಿ ನೀರು ಕೇಳಿದ ಹಾಗೆ, ಕೊಟ್ಟರೆ ಯಾರ ಪಾಲೂ ಕಡಿಮೆಯಾಗುವುದಿಲ್ಲ. ಹೊರಹೋಗುವ ದಾರಿಗೂ ಇದೇ ಕ್ರಮ.

ಆಫೀಸಿನವರು ಒಪ್ಪಲಿಲ್ಲ. "ಹುಡುಗಿಯರ ಜೊತೆ ಆಫೀಸೂ ಸಾಲು ನಿಲ್ಲಬೇಕಾ?" ಎಂದು ಕೇಳಿದರು. ಆ ಪ್ರಶ್ನೆಯಲ್ಲಿ ಗತ್ತು ಇತ್ತು, ನ್ಯಾಯವೂ ಇತ್ತು. ವಿದ್ಯಾರ್ಥಿವೇತನದ ಅರ್ಜಿಗಳು ಕೊನೆಯ ದಿನಾಂಕದೊಳಗೆ ಹೋಗಬೇಕಾದದ್ದು ಆ ಮೇಜುಗಳಿಂದಲೇ, ಆ ಹಣ ಬರಬೇಕಾದದ್ದು ಈ ಹುಡುಗಿಯರಿಗೇ. ಕೊನೆಗೆ ಆಫೀಸಿಗೆ 3 ಎಂಬಿಪಿಎಸ್ ಖಾತ್ರಿ ಎಂದಾಯಿತು. ಆದರೆ ಅದು ಬೇಲಿ ಹಾಕಿದ ಜಾಗವಲ್ಲ. ಸಂಜೆ ಆಫೀಸಿಗೆ ಬೀಗ ಬಿದ್ದ ಮೇಲೆ ಆ ಪಾಲು ತಾನಾಗಿ ಹಾಸ್ಟೆಲ್ಲಿಗೆ ಹರಿಯುತ್ತದೆ. ಉಳಿದ 2.2 ಎಂಬಿಪಿಎಸ್ ಯಾರ ಹೆಸರಿಗೂ ಬರೆಯಲಿಲ್ಲ.

ಮೊದಲ ವಾರ ರಾತ್ರಿ ಎಂಟಕ್ಕೆ ಅಳೆದಾಗ, ಸೆಕೆಂಡಿಗೂ ಮೀರಿ ಹೋಗುತ್ತಿದ್ದ ವಿಳಂಬ 70 ಮಿಲಿಸೆಕೆಂಡಿನ ಆಸುಪಾಸಿನಲ್ಲಿತ್ತು. ತಂತಿ ಒಂದಿಷ್ಟೂ ದಪ್ಪವಾಗಿರಲಿಲ್ಲ. ಸಿನಿಮಾ ಇಳಿಸಿಕೊಳ್ಳುವವರು ಮೊದಲಿಗಿಂತ ಹೆಚ್ಚು ಹೊತ್ತು ಕಾದರು. ಅದಕ್ಕೂ ಗೊಣಗಾಟ ಬಂತು. ಸಾಲು ಹೊಸದಾಗಿ ಏನನ್ನೂ ಹುಟ್ಟಿಸುವುದಿಲ್ಲ, ಯಾರು ಕಾಯಬೇಕು ಎಂದು ತೀರ್ಮಾನಿಸುತ್ತದೆ ಅಷ್ಟೆ.

ಪಂಕ್ತಿ ಎಂದ ಮೇಲೆ ಪಂಕ್ತಿಭೇದ ಎಂಬ ಮಾತೂ ನಮ್ಮಲ್ಲಿದೆ. ಬಡಿಸುವ ಕೈಗೆ ಯಾರ ಎಲೆ ಯಾವುದೆಂದು ಗೊತ್ತಾದ ಕ್ಷಣದಿಂದ ತುಪ್ಪದ ಧಾರೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳ್ಳಗೆ. 2016ರ ಫೆಬ್ರವರಿಯಲ್ಲಿ ಟ್ರಾಯ್, ಇಂಟರ್ನೆಟ್ಟಿನಲ್ಲಿ ಏನು ನೋಡುತ್ತೀರಿ ಎಂಬುದರ ಮೇಲೆ ಬೇರೆ ಬೇರೆ ದರ ಹಾಕಬಾರದು ಎಂದು ನಿಯಮ ಮಾಡಿತು. ಅದು ಕಂಪನಿಗಳಿಗೆ. ಹಾಸ್ಟೆಲ್ಲಿನ ರೂಟರಿಗೆ ಅಂಥ ಕಾಯಿದೆ ಇಲ್ಲ. ಅಲ್ಲಿ ಬಡಿಸುವ ಕೈ ನನ್ನಂಥವರದು.

ಕಳೆದ ವರ್ಷ ಫೈಬರ್ ಬಂತು, 200 ಎಂಬಿಪಿಎಸ್. "ಇನ್ನು ಆ ಸಾಲುಗಳೆಲ್ಲ ಯಾಕೆ, ತೆಗೆದುಬಿಡಿ" ಎಂದರು. ನಾನು ಅಂಕಿಗಳನ್ನಷ್ಟೇ ಬದಲಿಸಿದೆ. ಮಳೆಗಾಲದಲ್ಲಿ ಎಲ್ಲೋ ಒಂದು ಮರ ಬಿದ್ದರೆ ಮತ್ತೆ ಹಳೆಯ ತಂತಿಗೇ ಬರಬೇಕು. ಅದಿರಲಿ, ಮುಂದೆ ನನ್ನ ಜಾಗಕ್ಕೆ ಬರುವವರು ಈ ನಿಯಮಗಳನ್ನು ಓದಬೇಕಲ್ಲ. ರೂಟರಿನಲ್ಲಿ ಪ್ರತಿ ನಿಯಮದ ಪಕ್ಕ ಟಿಪ್ಪಣಿ ಬರೆಯಲು ಜಾಗವಿದೆ. ಅಲ್ಲಿ ಅಂಕಿಯ ಲೆಕ್ಕದ ಜೊತೆಗೆ ಒಂದು ಮಾತು ಬರೆದಿಟ್ಟಿದ್ದೇನೆ: ವಿಡಿಯೊವನ್ನು ಕೆಳಗೆ ತಳ್ಳಬೇಡಿ, ಇಲ್ಲಿ ಕೈಯಲ್ಲಿ ಮಾತಾಡುವವರಿದ್ದಾರೆ.